ಕೈ ತಡೆಯುವಷ್ಟು ಬಿಸಿ

ಮಗುವಿಗೆ ನೀರು ಎರೆಯುವುದನ್ನು ನನ್ನ ಅತ್ತೆ ನನಗೆ ಕಲಿಸಿದ್ದು ಬೈದು ಬೈದು. ಮಣೆಯ ಮೇಲೆ ಕಾಲು ನೀಡಿ ಕೂರುವುದು, ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಳ್ಳುವುದು, ಮೂಗಿಗೆ ನೀರು ಹೋಗದ ಹಾಗೆ ಎಡಗೈಯನ್ನು ಹಣೆಗೆ ಅಡ್ಡ ಹಿಡಿಯುವುದು, ಇಷ್ಟೆಲ್ಲ ಮೂರು ದಿನದಲ್ಲಿ ಬಂತು. ನೀರಿನ ಹದ ಮಾತ್ರ ಬೇಗ ಬರಲಿಲ್ಲ. ಎಷ್ಟು ಬಿಸಿ ಇರಬೇಕು ಅತ್ತೆ ಎಂದು ಕೇಳಿದರೆ, ಕೈ ತಡೆಯುವಷ್ಟು ಎನ್ನುತ್ತಿದ್ದರು. ಯಾರ ಕೈ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಮೊದಲ ಚೊಂಬು ನಿನ್ನ ಕಾಲಿಗೆ ಹುಯ್ದುಕೋ, ಆಮೇಲೆ ಮಗುವಿಗೆ ಎಂದಿದ್ದರು. ಅದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ.

ಮಳವಳ್ಳಿಯ ನಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಮುಕ್ಕಾಲು ಪಾಲು ನನ್ನ ಕಾಲ ಮೇಲೆ ಮಲಗಿ ಅತ್ತವೇ. ನಾನು ಸೂಲಗಿತ್ತಿಯಲ್ಲ, ಪ್ರೈಮರಿ ಸ್ಕೂಲಿನ ಟೀಚರು. ಶಾಲೆಗೆ ಹೊರಡುವ ಮೊದಲು ಒಂದು ಮಗು, ಭಾನುವಾರವಾದರೆ ಎರಡು. ಮೇಡಮ್ಮೋರ ಕೈಗುಣ ಚೆನ್ನಾಗಿದೆ, ಅವರು ಎರೆದರೆ ಮಗು ಮೂರು ಗಂಟೆ ಅಲ್ಲಾಡದೆ ಮಲಗುತ್ತದೆ ಎಂದು ಹೆಂಗಸರು ಹೇಳುತ್ತಿದ್ದರು. ಆ ಮಾತು ಕೇಳಿದ ದಿನ ನನಗೆ ಊಟ ಒಂದು ತುತ್ತು ಜಾಸ್ತಿಯೇ ಸೇರುತ್ತಿತ್ತು. ರಿಟೈರಾದ ಮೇಲೆ ಬೇರೆಲ್ಲ ಹೋಯಿತು, ಇದೊಂದು ಉಳಿಯಿತು.

ಈಗ ನನಗೆ ಅರವತ್ತೇಳು. ಕೈ ಯಾವತ್ತು ಕೆಟ್ಟಿತು ಎಂದರೆ ಹೇಳಲಾರೆ, ಎರಡು ವರ್ಷವಾದರೂ ಆಗಿರಬೇಕು. ಪೇಪರ್ ಓದುವಾಗ ಎರಡು ಹಾಳೆ ಒಟ್ಟಿಗೆ ಮಗುಚಿ, ಅರ್ಧ ಸುದ್ದಿ ಎಲ್ಲಿ ಹೋಯಿತು ಎಂದು ಪೇಪರಿನವನನ್ನೇ ಬೈದದ್ದುಂಟು. ಮಲ್ಲಿಗೆ ಕಟ್ಟುವಾಗ ದಾರ ಬೆರಳ ನಡುವೆ ಇದೆಯೋ ಜಾರಿದೆಯೋ ತಿಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ವ್ಯಾನಿಟಿ ಬ್ಯಾಗಿಗೆ ಕೈ ಹಾಕಿ ಪರ್ಸೆಂದು ಕನ್ನಡಕದ ಡಬ್ಬಿ ತೆಗೆದು ಕಂಡಕ್ಟರಿಗೆ ನೀಡಿದ್ದೆ. ಕೂತಲ್ಲಿ ನಿಂತಲ್ಲಿ ಹೆಬ್ಬೆರಳಿನಿಂದ ಉಳಿದ ಬೆರಳ ತುದಿಗಳನ್ನು ಉಜ್ಜಿಕೊಳ್ಳುವ ಚಾಳಿ ಹತ್ತಿತು. ಯಾರನ್ನೋ ದುಡ್ಡು ಕೇಳುವವಳ ಹಾಗೆ ಕಾಣುತ್ತೀಯ ಎಂದು ನನ್ನ ಗಂಡ ನಗುತ್ತಿದ್ದರು. ಉಜ್ಜದಿದ್ದರೆ ಬೆರಳು ಅಲ್ಲಿದೆ ಎಂಬುದೇ ನಂಬಿಕೆಯಾಗುತ್ತಿರಲಿಲ್ಲ.

ನನಗೆ ಮೋಸ ಮಾಡಿದ್ದು ಮಾತ್ರ ಮುದ್ದೆ. ಒಲೆಯಿಂದ ಇಳಿಸಿದ ಮುದ್ದೆಯನ್ನು, ಹಬೆ ಆಡುತ್ತಿರುವಾಗಲೇ, ಕೈಗೆ ನೀರೂ ಮುಟ್ಟಿಸದೆ ಉಂಡೆ ಕಟ್ಟುತ್ತಿದ್ದೆ. ಬಂದ ನೆಂಟರು ಬಾಯಿ ಬಿಟ್ಟು ನೋಡುತ್ತಿದ್ದರು. ಹಾಲಿನ ಪಾತ್ರೆಯನ್ನು ಮಸಿಬಟ್ಟೆಯಿಲ್ಲದೆ ಇಳಿಸುತ್ತಿದ್ದೆ. ಇಷ್ಟು ವರ್ಷ ಅಡುಗೆ ಮಾಡಿದ ಕೈ, ಪಳಗಿದೆ ಎಂದು ಎಲ್ಲರೂ ಅಂದರು, ನಾನೂ ಅಂದುಕೊಂಡೆ. ಮರಗಟ್ಟಿದ್ದನ್ನು ಪಳಗಿದ್ದು ಎಂದು ನಂಬಿ ಮೆರೆದೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ನನಗಿರುವುದು ಒಬ್ಬಳೇ ಮಗಳು. ಮದ್ದೂರಿನಲ್ಲಿ ಕಾಲೇಜು ಲೆಕ್ಚರರು, ಅಲ್ಲೇ ಸಂಸಾರ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅವಳಿಗೆ ಬಸಿರು ನಿಂತಿತು. ಅವಳ ಮಗುವಿಗೆ ನೀರು ಎರೆಯಬೇಕೆಂದು ನಾನು ಒಂಬತ್ತು ವರ್ಷ ಕಾದಿದ್ದೆ. ಊರವರ ಮಕ್ಕಳಿಗೆಲ್ಲ ಎರೆಯುತ್ತ, ನಮ್ಮದು ಯಾವಾಗಪ್ಪಾ ಎಂದು ಒಳಗೊಳಗೇ ಬೇಯುತ್ತಿದ್ದೆ. ಆರನೇ ತಿಂಗಳಲ್ಲಿ ಅವಳು ಬಂದಿದ್ದಾಗ, ಕಾಫಿ ಲೋಟ ನನ್ನ ಕೈಯಿಂದ ಜಾರಿ ಅವಳ ಕಾಲ ಹತ್ತಿರವೇ ಬಿತ್ತು. ಅದೇ ವಾರದಲ್ಲಿ ಎರಡನೇ ಲೋಟ. ನೀನು ಡಾಕ್ಟರಿಗೆ ತೋರಿಸಿಕೊಂಡು ಬರುವವರೆಗೆ ನಾನು ಈ ಮನೆಗೆ ಬಾಣಂತನಕ್ಕೆ ಬರುವುದಿಲ್ಲ ಎಂದು ಹಟ ಹಿಡಿದಳು. ಹಟ ನನ್ನದೇ, ಅವಳಿಗೆ ಬಂದಿದೆ.

ನಾನೂ ನನ್ನ ಗಂಡನೂ ಮಂಡ್ಯಕ್ಕೆ ಹೊರಟೆವು. ಭಾರತೀನಗರದಲ್ಲಿ ಕಬ್ಬಿನ ಗಾಡಿಗಳ ಸಾಲಿಗೆ ಸಿಕ್ಕಿ ಬಸ್ಸು ಅರ್ಧ ಗಂಟೆ ನಿಂತಿತು. ಆ ಅರ್ಧ ಗಂಟೆ ನಾನು ಬೆರಳು ಉಜ್ಜುತ್ತಲೇ ಕೂತಿದ್ದೆ. ನರದ ಡಾಕ್ಟರ ಕೋಣೆಗೆ ನಾನೊಬ್ಬಳೇ ಹೋದೆ. ಇವರು ಟೀ ಕುಡಿದು ಬರುತ್ತೇನೆಂದು ಕೆಳಗೇ ಉಳಿದರು.

ನನ್ನ ಬೆರಳಿಗೆ ವೈರು ಅಂಟಿಸಿ, ಮಣಿಕಟ್ಟಿನ ಮೇಲೊಮ್ಮೆ ಮೊಣಕೈಯ ಹತ್ತಿರ ಒಮ್ಮೆ ಸಣ್ಣಗೆ ಕರೆಂಟು ಕೊಟ್ಟರು. ಹೆಬ್ಬೆರಳು ನನ್ನನ್ನು ಕೇಳದೆ ತಾನೇ ಎಗರಿತು. ಆಮೇಲೆ ಡಾಕ್ಟರಮ್ಮ, ನನ್ನ ಮಗಳಿಗಿಂತ ಚಿಕ್ಕವಳು, ಒಂದು ಬಿಸಿ ಒಂದು ತಣ್ಣನೆಯ ಗಾಜಿನ ಕೊಳವೆ ಇಟ್ಟುಕೊಂಡು, ಕಣ್ಣು ಮುಚ್ಚಿ ಯಾವುದು ಯಾವುದು ಹೇಳಿ ಎಂದಳು. ನನಗೆ ಎರಡೂ ಒಂದೇ. ಓದಿಕೊಳ್ಳದೆ ಪರೀಕ್ಷೆಗೆ ಬಂದ ಹುಡುಗರ ಹಾಗೆ ಬಾಯಿಗೆ ಬಂದದ್ದು ಹೇಳಿದೆ. ತಪ್ಪಾಗುತ್ತಿದೆ ಎಂದು ಅವಳ ಮುಖದಲ್ಲೇ ಗೊತ್ತಾಯಿತು. ಯಾಕೆಂದರೆ ನಾನು ಅರೆಗಣ್ಣು ಬಿಟ್ಟು ನೋಡುತ್ತಿದ್ದೆ. ಮೂವತ್ತೆರಡು ವರ್ಷ ಕಾಪಿ ಹೊಡೆಯುವ ಮಕ್ಕಳ ಕಿವಿ ಹಿಂಡಿದವಳು ನಾನು. ಅವಳು ನಕ್ಕು, ನನ್ನ ಕಣ್ಣಿಗೆ ತನ್ನ ಕೈ ಅಡ್ಡ ಹಿಡಿದು ಮತ್ತೆ ಕೇಳಿದಳು.

ಸಕ್ಕರೆ ಕಾಯಿಲೆಯಿಲ್ಲ, ಗಾಬರಿಯಾಗುವಂಥದ್ದು ಏನೂ ಇಲ್ಲ ಎಂದು ಅವಳು ಹೇಳಿದ್ದು ನಿಜ. ವಯಸ್ಸಾದಂತೆ ನರದಲ್ಲಿ ಸುದ್ದಿ ಓಡುವ ವೇಗ ಎಲ್ಲರಿಗೂ ಕಡಿಮೆಯಾಗುತ್ತದೆ, ಬೆರಳ ತುದಿಯಲ್ಲಿ ಮುಟ್ಟಿದ್ದನ್ನು ಹಿಡಿಯುವ ಸೂಕ್ಷ್ಮ ತುದಿಗಳೂ ಉದುರುತ್ತವೆ, ಕರೆಂಟಿನ ಪರೀಕ್ಷೆಯಲ್ಲಿ ನಿಮ್ಮದು ವಯಸ್ಸಿಗೆ ತಕ್ಕಂತೆಯೇ ಇದೆ ಎಂದಳು. ಆದರೆ ಬಿಸಿ ತಂಪಿನ ಸುದ್ದಿ ಒಯ್ಯುವುದು ಬೇರೆ, ತೀರಾ ಸಣ್ಣ ನರಗಳು, ಅವು ಈ ಯಂತ್ರಕ್ಕೆ ಸಿಗುವುದಿಲ್ಲ, ನಿಮ್ಮಲ್ಲಿ ಸೋತಿರುವುದು ಅವು ಎಂದೂ ಹೇಳಿದಳು. ಕೊನೆಗೆ ನನ್ನ ಕೈ ಹಿಡಿದುಕೊಂಡು, "ಅಮ್ಮಾ, ಇನ್ಮೇಲೆ ಬಿಸಿ ನೀರನ್ನ ನಿಮ್ಮ ಕೈಯಿಟ್ಟು ನೋಡಬೇಡಿ. ಬೇರೆಯವರ ಕೈಯಲ್ಲಿ ನೋಡಿಸಿ" ಎಂದಳು. ಇದು ನನಗೆ ಕೇಳಿಸಲಿಲ್ಲ ಎಂದು ಹೇಳಿಕೊಳ್ಳಲಾರೆ. ಚೆನ್ನಾಗಿ ಕೇಳಿಸಿತು.

ಕೆಳಗೆ ಬಂದಾಗ, ಡಾಕ್ಟರು ಏನಂದರು ಎಂದು ಗಂಡ ಕೇಳಿದರು. ವಯಸ್ಸಿಗೆ ತಕ್ಕ ಹಾಗಿದೆಯಂತೆ ಎಂದೆ. ಅವರು ಬ್ಲಫ್‌ನಲ್ಲಿ, ಹೊಳೆ ನೀರಿನಿಂದ ಕರೆಂಟು ತೆಗೆಯುವ ಪವರ್ ಹೌಸಿನಲ್ಲಿ ದುಡಿದು ನಿವೃತ್ತರಾದವರು, ಲೋಕದ ಯಾವ ಸಂಗತಿಯಾದರೂ ಅವರಿಗೆ ಕರೆಂಟೇ. ರಿಪೋರ್ಟಿನ ಗೀಟುಗಳನ್ನು ಬಸ್ ಸ್ಟ್ಯಾಂಡಿನ ಬೆಳಕಿಗೆ ಹಿಡಿದು ನೋಡಿ, "ಲೈನು ಇನ್ನೂ ಚಾಲ್ತೀಲೇ ಅದೆ ಕಣಮ್ಮಿ, ವೈರು ಹಳೇದಾಗ್ಬುಟ್ಟದೆ ಅಷ್ಟೆ" ಎಂದರು. ನಾನು ನಕ್ಕೆ. ಮನೆಗೆ ಬಂದು ಮಗಳಿಗೆ ಫೋನು ಮಾಡಿ, ಕೈ ಸರಿಯಾಗಿದೆಯಂತೆ, ನೀನು ಬಾ ಎಂದೆ. ಡಾಕ್ಟರು ಕಡೆಗೆ ಹೇಳಿದ ಮಾತನ್ನು ಹೇಳಿದ್ದರೆ ಅವಳು ಮಗುವನ್ನು ನನ್ನ ಕಾಲ ಮೇಲೆ ಮಲಗಿಸುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ.

ಗಂಡು ಮಗು ಹುಟ್ಟಿತು. ಹೊಕ್ಕುಳ ಬಳ್ಳಿ ಬಿದ್ದ ಮೇಲೆ ಮಗಳನ್ನೂ ಮಗುವನ್ನೂ ಕರೆತಂದೆವು. ಗೀಜರಿದ್ದರೂ ಹಿತ್ತಲ ಒಲೆಗೆ ತಾಮ್ರದ ಹಂಡೆ ಏರಿಸಿದೆ. ಮೊದಲು ಮಗಳಿಗೆ ಎಣ್ಣೆ ನೀರು, ಆಮೇಲೆ ಮಗುವಿಗೆ. ಬಾಣಂತಿಯ ಬೆನ್ನಿಗೆ ಬಿಸಿ ನೀರು ರಪ್ಪನೆ ಬೀಳಬೇಕು, ಇಲ್ಲದಿದ್ದರೆ ಮುಂದೆ ಸೊಂಟ ಹಿಡಿಯುತ್ತದೆ ಎಂಬುದು ನಮ್ಮ ಕಡೆಯ ಮಾತು. ಚೊಂಬು ಚೊಂಬಿಗೂ ಅವಳು ಉಸ್ ಎಂದು ಹಲ್ಲು ಕಚ್ಚುತ್ತಿದ್ದಳು. ತಡೆದುಕೋ ಎಂದು ಗದರಿದೆ. ನನ್ನ ಬಾಣಂತನದಲ್ಲಿ ನನ್ನ ಅತ್ತೆಯೂ ಹಾಗೇ ಗದರಿದ್ದರು, ನಾನೂ ಹಲ್ಲು ಕಚ್ಚಿದ್ದೆ.

ಮಗುವೂ ಅಳುತ್ತಿತ್ತು. ನೀರು ಎರೆಯುವಾಗ ಅಳದ ಮಗುವನ್ನು ನಾನು ಕಂಡೇ ಇಲ್ಲ. ಸಿಟ್ಟಿಗೆ ಅಳುತ್ತವೆ, ಚಳಿಗೆ ಅಳುತ್ತವೆ, ಬೋರಲು ಮಲಗಿಸಿದ್ದಕ್ಕೆ ಅಳುತ್ತವೆ. ಆ ಅಳುವಿಗೆ ನನ್ನ ಕಿವಿ ಎಂದೋ ಕಿವುಡಾಗಿತ್ತು. ಆರು ದಿನ ಹೀಗೆ ನಡೆಯಿತು. ಸಾಂಬ್ರಾಣಿ ಹೊಗೆ ಕೊಟ್ಟು ತೊಟ್ಟಿಲಿಗೆ ಹಾಕಿದರೆ ಮಗು ಮೂರು ಗಂಟೆ ಮಲಗುತ್ತಿತ್ತು. ನಾನು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಲಗಿದ ಮಗುವನ್ನು ತೋರಿಸುತ್ತಿದ್ದೆ.

ಏಳನೆಯ ದಿನ ಮೋಡವಿತ್ತು, ಬೀಸುಗಾಳಿ. ಮಗುವಿಗೆ ಥಂಡಿಯಾದೀತೆಂದು ಒಲೆಗೆ ಇನ್ನೆರಡು ಸೌದೆ ತುರುಕಿದ್ದೆ. ಬಕೆಟ್ಟಿಗೆ ಬಿಸಿ ನೀರು ತೋಡಿ, ತಣ್ಣೀರು ಬೆರೆಸಿ, ಮಣಿಕಟ್ಟಿನವರೆಗೆ ಕೈ ಮುಳುಗಿಸಿ ತಿರುವಿದೆ. ಹಿತವಾಗಿತ್ತು. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೊದಲ ಚೊಂಬನ್ನು ಅತ್ತೆ ಹೇಳಿಕೊಟ್ಟಂತೆ ನನ್ನ ಕಾಲಿಗೆ ಹುಯ್ದುಕೊಂಡೆ. ಅದೂ ಹಿತವಾಗಿತ್ತು. ಮಗುವನ್ನು ಮೊಣಕಾಲಿನಿಂದ ಕೆಳಕ್ಕೆ ಬೋರಲು ಮಲಗಿಸಿ ಎರಡನೇ ಚೊಂಬು ಎತ್ತಿದೆ.

ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದ ಮಗಳು ಇದ್ದಕ್ಕಿದ್ದಂತೆ ಬಗ್ಗಿ ತನ್ನ ಕೈಯನ್ನು ಚೊಂಬಿಗೆ ಅಡ್ಡ ಕೊಟ್ಟಳು. ನೀರೆಲ್ಲ ಅವಳ ಮುಂಗೈ ಮೇಲೆ ಬಿತ್ತು. ಅವಳು ಕಿಟಾರನೆ ಕಿರುಚಿದಳು. ಸಿಡಿದ ನಾಲ್ಕು ಹನಿ ಮಗುವಿನ ಪಾದಕ್ಕೆ ಬಿದ್ದು, ಅದು ಉಸಿರು ಕಟ್ಟಿ ಅತ್ತಿತು. ಅವಳು ಮಗುವನ್ನು ಬಾಚಿಕೊಂಡು ಗೋಡೆಗೆ ಒರಗಿದಳು. ನನಗೆ ಮೊದಲು ಬಂದದ್ದು ಸಿಟ್ಟು, ಅದನ್ನು ಮುಚ್ಚಿಡುವುದಿಲ್ಲ. ಎಣ್ಣೆಕೈ, ಮಗು ಜಾರಿದ್ದರೆ ಗತಿಯೇನು, ನಿನಗೆ ತಲೆ ಕೆಟ್ಟಿದೆಯಾ ಎಂದು ಬಾಯಿಗೆ ಬಂದಂತೆ ಬೈದೆ. ನೋಡು ಎಂದು ಬಕೆಟ್ಟಿಗೆ ಮತ್ತೆ ಕೈ ಅದ್ದಿ, ಅಲ್ಲೇ ಇಟ್ಟುಕೊಂಡೆ.

"ಅಮ್ಮ, ಕೈ ತೆಗಿ. ನಿನ್ ಕಾಲ್ ನೋಡ್ಕೊ" ಎಂದಳು.

ನೋಡಿಕೊಂಡೆ. ಮೊದಲ ಚೊಂಬು ಬಿದ್ದ ಜಾಗವೆಲ್ಲ, ಮೊಣಕಾಲಿನ ಕೆಳಗಿನಿಂದ ಹಿಮ್ಮಡಿಯವರೆಗೆ, ಕೆಂಪಗೆ ಕನಲಿತ್ತು. ನನ್ನ ಕಾಲು ಅದು, ನನಗೇ ಸುದ್ದಿ ಮುಟ್ಟಿರಲಿಲ್ಲ. ಗಲಾಟೆ ಕೇಳಿ ಬಂದ ಗಂಡ ಬಕೆಟ್ಟಿಗೆ ಬೆರಳಿಟ್ಟು ಸರಕ್ಕನೆ ಹಿಂತೆಗೆದುಕೊಂಡರು. ಬಕೆಟ್ಟು ಎತ್ತಿ ಹಿತ್ತಲಿಗೆ ಚೆಲ್ಲಿದರು. ನೆಲದಿಂದ ಹಬೆ ಎದ್ದಿತು.

ಮಗುವಿನ ಪಾದದಲ್ಲಿ ನಾಲ್ಕು ಕೆಂಪು ಚುಕ್ಕೆ, ಸಂಜೆಯ ಹೊತ್ತಿಗೆ ಮಾಯವಾದವು. ಮಗಳ ಮುಂಗೈ ಉರಿದರೂ ಬೊಬ್ಬೆ ಏಳಲಿಲ್ಲ. ಬಕೆಟ್ಟಿಗೆ ಅದ್ದಿದ ನನ್ನ ಕೈ ಕೆಂಪಾಗಿ ಊದಿತು, ಕಾಲಲ್ಲಿ ಮಧ್ಯಾಹ್ನದೊಳಗೆ ಬೊಬ್ಬೆಗಳು ಎದ್ದವು. ಆಸ್ಪತ್ರೆಗೆ ಹೋಗಿ ಮುಲಾಮು ಹಚ್ಚಿಸಿ ಬಟ್ಟೆ ಕಟ್ಟಿಸಿಕೊಂಡು ಬಂದೆ. ಅಷ್ಟಾದರೂ ನೋವು ಅರ್ಧಂಬರ್ಧ. ಚೆನ್ನಾಗಿ ನೋಯಲಿ ಎಂದು ನನಗೆ ಅನ್ನಿಸುತ್ತಿತ್ತು.

ಮನೆಗೆ ಬಂದ ಮೇಲೆ ಮಗಳ ಎದುರು ಕೂತು, ಮಂಡ್ಯದ ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಹೇಳದೆ ಇರಲಾಗಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಗುವಿಗೆ ಹಾಲು ಕೊಡುತ್ತಿದ್ದವಳು ತಲೆಯೆತ್ತಿ ನನ್ನನ್ನೇ ನೋಡಿದಳು.

"ಗೊತ್ತಿದ್ದೂ ಎರ್ದೆಯಾ ಅಮ್ಮ?"

ಅವಳು ಮಗುವನ್ನು ಮಲಗಿಸಿ, ನೈಟಿಯ ಬೆನ್ನಿನ ಜಿಪ್ಪು ಇಳಿಸಿ ಕಿಟಕಿಯ ಕಡೆಗೆ ತಿರುಗಿ ನಿಂತಳು. ಹೆಗಲಿನಿಂದ ಕೆಳಗೆ ಚರ್ಮ ಕಪ್ಪಿಟ್ಟು, ಅಲ್ಲಲ್ಲಿ ಸುಲಿದು, ಎರಡು ಕಡೆ ಒಣಗಿದ ಬೊಬ್ಬೆಯ ಸಿಪ್ಪೆ. ಆರು ದಿನ ಆ ಬೆನ್ನಿಗೆ ಎಣ್ಣೆ ತಿಕ್ಕಿದವಳು ನಾನೇ. ಬಚ್ಚಲಿನ ಕತ್ತಲಲ್ಲಿ ಕಣ್ಣಿಗೆ ಕಾಣಲಿಲ್ಲ ಸರಿ, ಈ ಬೆರಳುಗಳು ಆ ಸಿಪ್ಪೆಯ ಮೇಲೇ ಮೇಲೆ ಕೆಳಗೆ ಓಡಾಡಿದ್ದವು, ನುಣ್ಣಗಿದೆ ಎಂದೇ ನನಗೆ ಹೇಳಿದ್ದವು. ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಬಾಣಂತಿ ನೀರು ಹಾಗೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಿನಗಿಂತ ತಿಳಿದವರು ಯಾರಿದ್ದಾರೆ ಎಂದು ಸುಮ್ಮನಿದ್ದೆ ಎಂದಳು. ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ಮಾರನೆಯ ದಿನದಿಂದ ಮಗುವಿಗೆ ಅವಳೇ ಎರೆಯತೊಡಗಿದಳು. ಗೀಜರಿನ ನೀರು, ಪ್ಲಾಸ್ಟಿಕ್ ಟಬ್ಬು, ಮೊಣಕೈ ಅದ್ದಿ ನೋಡುವುದು. ನಾನು ಹಿತ್ತಲಲ್ಲಿ ಕೂತು ಮಗುವಿನ ಅಳು ಕೇಳಿಸಿಕೊಳ್ಳುತ್ತಿದ್ದೆ. ಇವತ್ತಿನ ಅಳು ಮೊನ್ನೆಯ ಅಳುವಿನ ಹಾಗೇ ಇದೆಯೋ, ಬೇರೆಯೋ? ಆರು ದಿನ ಅದು ಅತ್ತದ್ದು ಎಲ್ಲ ಮಕ್ಕಳ ಹಾಗೋ, ಸುಟ್ಟು ಅತ್ತದ್ದೋ? ಮೂರು ಗಂಟೆ ಮಲಗುತ್ತಿದ್ದದ್ದು ಸುಖಕ್ಕೋ, ಅತ್ತು ಸೋತೋ? ಕೂತರೆ ಏಳಬೇಕು, ಎದ್ದರೆ ಕೂರಬೇಕು. ಸೊಪ್ಪು ಬಿಡಿಸಲು ಕೂತು ಅರ್ಧಕ್ಕೇ ಎದ್ದು ಗೇಟಿನವರೆಗೆ ಹೋಗಿ ಬರುತ್ತಿದ್ದೆ. ಕಟ್ಟು ಕಟ್ಟಿದ ಕಾಲಲ್ಲಿ ಯಾಕಮ್ಮಿ ಹಿಂಗೆ ಸುತ್ತುತ್ತೀಯ ಎಂದು ಗಂಡ ರೇಗಿದರು. ಅವರಿಗೇನು ಗೊತ್ತು. ಈ ಆರು ದಿನದ ಹಿಂದೆ ಎರಡು ವರ್ಷಗಳಿವೆ, ಆ ಎರಡು ವರ್ಷದಲ್ಲಿ ನನ್ನ ಕಾಲ ಮೇಲೆ ಮಲಗಿದ ಊರವರ ಮಕ್ಕಳಿವೆ. ಅವುಗಳ ಮುಖಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದೆ.

ತಡೆಯಲಾರದೆ ಒಂದು ಬೆಳಗ್ಗೆ ಹಿಂದಿನ ಬೀದಿಗೆ ಹೋದೆ. ಅಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ, ಗಂಡ ಸಕ್ಕರೆ ಕಾರ್ಖಾನೆಗೆ ಹೋಗುತ್ತಾನೆ. ಅವಳ ಮಗಳಿಗೆ ಎರಡು ವರ್ಷದ ಕೆಳಗೆ ಮೂರು ತಿಂಗಳು ನಾನೇ ಎರೆದಿದ್ದೆ. ಆ ಮಗು ಸ್ನಾನವೆಂದರೆ ರಂಪ ಮಾಡುತ್ತದೆ ಎಂಬುದು ಬೀದಿಗೆಲ್ಲ ಗೊತ್ತಿರುವ ತಮಾಷೆ. ನಾನೂ ಅದನ್ನು ಬೆಕ್ಕಿನ ಮರಿ ಎಂದು ರೇಗಿಸಿದ್ದೆ.

ಅವಳು ಜಗಲಿಗೆ ಚಾಪೆ ಹಾಕಿ, ಕಾಲಿಗೇನಾಯಿತು ಎಂದು ಕೇಳಿದಳು. ಅದಕ್ಕೆ ಉತ್ತರ ಹೇಳದೆ, ನಾನು ಎರೆಯುತ್ತಿದ್ದಾಗ ನೀರು ಹೇಗಿರುತ್ತಿತ್ತು, ನಿಜ ಹೇಳು ಎಂದೆ. ಅವಳು ನಾಚಿಕೊಂಡಳು.

"ಒಂದ್ಸಲ ಬೆರಳಿಟ್ಟು ನೋಡಿದ್ದೆ ಮೇಡಮ್ಮೋರೆ, ಸುರ್ ಅಂತು. ನಿಮಗಿಂತ ನಮಗೇನ್ ಗೊತ್ತಾಯ್ತದೆ ಅಂತ ಸುಮ್ಕಾಗ್ಬುಟ್ಟೆ."

ನಾನು ಅವಳಿಗೆ ಹೇಳಿದೆ. ನನ್ನ ಕೈಗೆ ಬಿಸಿ ತಿಳಿಯುವುದಿಲ್ಲ, ಆಗಲೂ ತಿಳಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ತಪ್ಪಾಯಿತು ಎಂದೆ. ಅಯ್ಯೋ ಬುಡಿ, ಅದಕ್ಕೇನಂತೆ, ಮಗು ಚೆನ್ನಾಗೇ ಅದೆ ಎಂದಳು. ಕಾಫಿ ತರುತ್ತೇನೆ ಎಂದು ಎದ್ದಳು. ಎದ್ದವಳು ಒಳಗೆ ಹೋಗದೆ ಅಲ್ಲೇ ನಿಂತಳು. ಆಮೇಲೆ ಅಂಗಳದಲ್ಲಿ ಆಡುತ್ತಿದ್ದ ಮಗಳನ್ನು ಕರೆದು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಫ್ರಾಕಿನ ಗುಂಡಿ ಬಿಚ್ಚಿ, ಬೆನ್ನನ್ನು ಬಿಸಿಲಿಗೆ ತಿರುಗಿಸಿ, ಕತ್ತಿನಿಂದ ಸೊಂಟದವರೆಗೆ ಬೆರಳಾಡಿಸಿ ನೋಡತೊಡಗಿದಳು.

ಗುಂಡಿ ಬಿಚ್ಚಿದ್ದೇ ತಡ, ಮಗು ತಾಯಿಯ ಸೀರೆ ಹಿಡಿದುಕೊಂಡು "ನೀರ್ ಬ್ಯಾಡ, ನೀರ್ ಬ್ಯಾಡ" ಎಂದು ಅಳಲು ಶುರು ಮಾಡಿತು. ನೀರಿಲ್ಲ ಕಣವ್ವ, ಸುಮ್ಕೆ ನೋಡ್ತೀನಿ ಎಂದು ತಾಯಿ ಎಷ್ಟು ಹೇಳಿದರೂ ಕೇಳಲಿಲ್ಲ. ಬೆನ್ನು ನುಣುಪಾಗಿತ್ತು, ಒಂದು ಗೆರೆಯೂ ಇರಲಿಲ್ಲ. ಆಕೆ ನೋಡುತ್ತಲೇ ಇದ್ದಳು, ನಾನೂ ನೋಡುತ್ತಿದ್ದೆ, ಮಗು ನನ್ನನ್ನು ನೋಡಿಕೊಂಡು ಅಳುತ್ತಲೇ ಇತ್ತು.